ಗೊರಬಿಗೆ ತಳ ಎಲ್ಲಿತ್ತು?

ಅಕ್ಟೋಬರ್ ಬಂತು ಅಂದ್ರೆ ಇಲ್ಲಿ ಕೊಲೊರಾಡೋದಲ್ಲಿ ನಮ್ ಆಫೀಸಿನ ಅರ್ಧ ಜನ ರಜಾ ಹಾಕ್ತಾರೆ, ಎಲ್ಕ್ (ಒಂದು ಜಾತಿ ದೊಡ್ಡ ಜಿಂಕೆ) ಬೇಟೆಗೆ. ನಾನು ತೀರ್ಥಹಳ್ಳಿ ಕಡೆಯವನು, ನಮ್ಮಲ್ಲಿ ಶಿಕಾರಿ ಅಂದ್ರೆ ಅಜ್ಜನ ಕಾಲದ ಕಥೆ, ಅದನ್ನೂ 1972ರ ಕಾಯ್ದೆ ಬಂದ್ಮೇಲೆ ದನಿ ತಗ್ಗಿಸಿ ಹೇಳೋರು. ಇಲ್ಲಿ ಹಂಟರ್ ಎಜುಕೇಶನ್ ಕ್ಲಾಸಲ್ಲಿ ಕೂತು ಪಾಸಾಗಿ, ಲೈಸೆನ್ಸ್ ತಗೊಂಡು, ಮೈಮೇಲೆ 500 ಚದರ ಇಂಚು ಕಣ್ ಕುಕ್ಕೋ ಕಿತ್ತಳೆ ಬಣ್ಣ ಹಾಕ್ಕೊಂಡು ರಾಜಾರೋಷವಾಗಿ ಹೋಗ್ಬೋದು (2016ರಿಂದ ಗುಲಾಬಿನೂ ನಡಿಯುತ್ತೆ, ಆದ್ರೆ ಗುಲಾಬಿ ಹಾಕ್ಕೊಂಡ ಗಂಡಸು ನಂಗಿನ್ನೂ ಕಾಡಲ್ಲಿ ಸಿಕ್ಕಿಲ್ಲ).

ಬೇಟೆ ವಿಷಯ ಇನ್ನೊಂದಿನ ಬರೀತೀನಿ, ಇವತ್ತು ಟೆಂಟಿನ ಜಗಳ, ತಳ ಇರೋದು ಬೇಕೋ ಇಲ್ಲದ್ದು ಬೇಕೋ ಅಂತ. ಕಾರ್ ನಿಲ್ಸಿ ಎಂಟು ಹತ್ತು ಕಿಲೋಮೀಟರ್ ಒಳಗೆ ನಡೀಬೇಕು, 10,000 ಅಡಿ ಎತ್ತರ, ಉಸಿರು ಮೊದ್ಲೇ ಸಾಲಲ್ಲ. ದೊಡ್ಡ ಗಂಡು ಎಲ್ಕ್ ಬಿತ್ತು ಅಂದ್ರೆ ಎಲುಬು ಬಿಡಿಸಿದ್ರೂ ಸುಮಾರು 80-90 ಕೆಜಿ ಮಾಂಸ, ಅದನ್ನ ಕಾಡಲ್ಲೇ ಬಿಟ್ಟು ಬರೋ ಹಾಗಿಲ್ಲ, ಕಾನೂನು, ಎಲ್ಲಾ ಹೊತ್ತು ತರ್ಬೇಕು, ಅದಕ್ಕೆ ನಾಕೈದು ಸಲ ಓಡಾಟ. ಹಂಗಾಗಿ ಚೀಲಕ್ಕೆ ಏನ್ ಹಾಕೋಕೆ ಹೋದ್ರೂ ಮೊದ್ಲು ತಕ್ಕಡಿ ನೋಡೋ ಚಟ ಹತ್ತುತ್ತೆ. ಟೂತ್‌ಬ್ರಷ್ ಹಿಡಿ ಕತ್ತರಿಸೋರನ್ನ ನೋಡಿದೀನಿ ಮಾರಾಯ್ರೆ.

ಮೊದಲ ವರ್ಷ ನಾನು ತಗೊಂಡಿದ್ದು ಎಲ್ಲರೂ ತಗೊಳೋ ಥರದ್ದು, ತಾನೇ ನಿಲ್ಲೋ ಡಬಲ್ ವಾಲ್ ಟೆಂಟ್, ಇಬ್ರಿಗೆ, 1.4 ಕೆಜಿ, ಕಂಪನಿ ಹೆಸರು ಬೇಡ. ಒಳಗೆ ಜಾಲರಿ, ಮೇಲೆ ಹೊದಿಕೆ, ಕೆಳಗೆ ಫ್ಲೋರು, ಹತ್ತು ನಿಮಿಷದಲ್ಲಿ ರೆಡಿ. ಬೇಸಿಗೆಗೆ ಅದಕ್ಕಿಂತ ಚೆನ್ನಾಗಿರೋದು ಇಲ್ಲ ಅಂತ ಈಗ್ಲೂ ಹೇಳ್ತೀನಿ. ಆದ್ರೆ ಆ ವರ್ಷ ಎರಡನೇ ರಾತ್ರಿ ಹಿಮ ಬಿತ್ತು. ಇಬ್ರ ಉಸಿರಿನ ತೇವ ಹೊದಿಕೆಯ ಒಳಮೈಗೆ ಹೋಗಿ ಕೂತು ಹಂಗೇ ಹೆಪ್ಪುಗಟ್ಟಿದೆ, ಬೆಳಗಿನ ಜಾವ ಗಾಳಿ ಒಂದ್ಸಲ ಟೆಂಟ್ ಅಲ್ಲಾಡಿಸ್ತು ನೋಡಿ, ಆ ಪುಡಿ ಎಲ್ಲಾ ಜರಡಿ ಹಿಡಿದಂಗೆ ಜಾಲರಿಯಿಂದ ಮುಖದ ಮೇಲೆ, ಸ್ಲೀಪಿಂಗ್ ಬ್ಯಾಗ್ ಮೇಲೆ. ಅದು ಡೌನ್ ಬ್ಯಾಗು, ಬಾತುಕೋಳಿ ಪುಕ್ಕ, ಒದ್ದೆ ಆದ್ರೆ ಉಬ್ಬೋದೇ ಇಲ್ಲ. ಮೂರನೇ ರಾತ್ರಿ ಕಾಲಿನ ಹತ್ರ ಅದು ನೆನೆದ ಹಪ್ಪಳ ಆಗಿತ್ತು. ಒಣಗಿಸೋಕೆ ಜಾಗ ಇಲ್ಲ, ಬಿಸಿಲಿಲ್ಲ, ನಾಲ್ಕನೇ ದಿನ ಬೇಟೆ ಬಿಟ್ಟು ಇಳಿದು ಬಂದ್ವಿ. ಒದ್ದೆ ಸಾಕ್ಸು, ಒದ್ದೆ ಬ್ಯಾಗು, ಹಿಮ ಅಂಟಿದ ಟೆಂಟು, ಚೀಲ ಹೋಗ್ತಾ ಇದ್ದದ್ದಕ್ಕಿಂತ ಬರ್ತಾನೇ ಭಾರ. ಗ್ರಾಂ ಲೆಕ್ಕ ಹಾಕಿದ್ದೆಲ್ಲಾ ಆ ನೀರಲ್ಲಿ ಹೋಯ್ತು.

ಮುಂದಿನ ವರ್ಷ ಇಲ್ಲಿಯವ್ನೇ ಒಬ್ಬ ಫ್ರೆಂಡ್ ತನ್ನ ಟೀಪಿ ತಂದ, ಅಂದ್ರೆ ಶಂಕುವಿನ ಆಕಾರದ ಟೆಂಟು. ನಡುವೆ ಒಂದೇ ಕಂಬ, ಸುತ್ತ ಗೂಟ, ತಳವೇ ಇಲ್ಲ! ನಾನು ನಕ್ಕೆ. ಆಮೇಲೆ ಕೂತು ಯೋಚ್ನೆ ಮಾಡಿದ್ರೆ, ನಮ್ ಗೊರಬಿಗೆ ತಳ ಎಲ್ಲಿತ್ತು? ಬಿದಿರು ಹೆಣೆದು ಮಧ್ಯೆ ಎಲೆ ತುಂಬಿದ ಗೊರಬು ತಲೆ ಮೇಲೆ ಹಾಕ್ಕೊಂಡು ನಮ್ಮೂರ ಹೆಂಗಸ್ರು ಜೂನ್ ಜುಲೈ ಮಳೇಲಿ ಇಡೀ ದಿನ ಬಗ್ಗಿ ನೆಟ್ಟಿ ಮಾಡೋರು, ಬೆನ್ನು ನೆನೀತಿರ್ಲಿಲ್ಲ, ಕಾಲು ಕೆಸರಲ್ಲೇ ಇರ್ತಿತ್ತು. ನೀರು ಮೇಲಿಂದ ಬರೋದನ್ನ ತಡೆದ್ರೆ ಸಾಕು, ಕೆಳಗಿನದನ್ನ ಜಾಗ ನೋಡಿ ಸಂಭಾಳಿಸ್ಬೋದು ಅನ್ನೋ ಲೆಕ್ಕ ಅದು. ಇಲ್ಲಿನ ಬಯಲು ಸೀಮೆಯ ಮೂಲನಿವಾಸಿಗಳ ಟೀಪಿ ನೋಡಿ ಸಿಬ್ಲಿ ಅನ್ನೋ ಮಿಲಿಟರಿ ಆಫೀಸರ್ 1856ರಲ್ಲಿ ತನ್ನ ಟೆಂಟಿಗೆ ಪೇಟೆಂಟೇ ಮಾಡಿಸ್ಕೊಂಡ, ಒಂದೇ ಕಂಬ, ಮಧ್ಯೆ ಒಲೆ. ಹೆಸರು ಮಾತ್ರ ಸಿಬ್ಲಿದು.

ನಮ್ ಫ್ರೆಂಡಿನ ಒಲೆ ಟೈಟೇನಿಯಂ ತಗಡಿನದ್ದು, ಒಂದು ಕೆಜಿ ಆಸುಪಾಸು, ಹೊಗೆ ಕೊಳವೆ ಕೂಡ ಸುರುಳಿ ಸುತ್ತಿ ಚೀಲದೊಳಗೆ ಇಡ್ಬೋದು. ಹೆಬ್ಬೆರಳು ಗಾತ್ರದ ಒಣ ಪುಳ್ಳೆ ತುಂಬಿ ಹಚ್ಚಿದ್ರೆ ಐದು ನಿಮಿಷಕ್ಕೆ ತಗಡು ಕೆಂಪಗೆ, ಒಳಗೆ ಬನಿಯನ್ನಲ್ಲಿ ಕೂರೋ ಅಷ್ಟು ಶೆಖೆ, ನಮ್ಮ ಬಚ್ಚಲು ಒಲೆ ಮುಂದೆ ಕೂತಂಗೆ. ಮುಕ್ಕಾಲು ಗಂಟೆಗೆ ಆರಿ ಹೋಗುತ್ತೆ, ಆರಿದ ಹತ್ತು ನಿಮಿಷಕ್ಕೆ ಒಳಗೂ ಹೊರಗೂ ಒಂದೇ ಚಳಿ. ರಾತ್ರಿ ಪೂರ್ತಿ ಬೆಚ್ಚಗೆ ಮಲಗ್ತೀನಿ ಅನ್ಕೊಂಡು ಯಾರೂ ಇದನ್ನ ತಗೋಬೇಡಿ. ಇದು ಒಣಗಿಸೋಕೆ. ಕಂಬಕ್ಕೆ ದಾರ ಕಟ್ಟಿ ಸಾಕ್ಸು, ಗ್ಲೌಸು, ಬೂಟಿನ ಒಳ ಅಟ್ಟೆ ನೇತು ಹಾಕಿ ಎಂಟು ಗಂಟೆಗೆಲ್ಲಾ ಎಲ್ಲಾ ಒಣಗಿತ್ತು, ಆರು ದಿನ ಇದ್ವಿ.

ತಾಪತ್ರಯ ಇಲ್ವಾ ಅಂದ್ರೆ ಇದೆ. ಎಲ್ಲಾ ಗೂಟದ ಮೇಲೇ ನಿಂತಿರೋದು, ಬರೀ ಕಲ್ಲಿರೋ ಕಡೆ ಗೂಟ ಇಳಿಯಲ್ಲ, ದಾರವನ್ನ ಬಂಡೆಗೆ ಸುತ್ತಿ ಇನ್ನೊಂದು ಬಂಡೆ ಹೇರಿ ಒಂದು ಗಂಟೆ ಹೋಗುತ್ತೆ. ಹಿಮದ ಮೇಲೆ ಹಾಕಿದ್ರೆ ಒಲೆ ಸುತ್ತ ಕೆಸರು ಗದ್ದೆ. ಇಲಿ ಬರುತ್ತೆ, ಒಂದ್ಸಲ ನನ್ ಟೋಪಿ ಒಳಗೇ ಬಂದಿತ್ತು. ಬೆಂಕಿ ನಿಷೇಧ ಇರೋ ವರ್ಷ ಒಲೆ ಇದ್ದೂ ಉಪಯೋಗ ಇಲ್ಲ. ಮತ್ತೆ ಹಿಮ ಸುತ್ತ ಮುಚ್ಚಿದಾಗ ಮೇಲಿನ ಕಿಂಡಿ ತೆಗೀದೆ ಒಲೆ ಹಚ್ಚಿದ್ರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ತುಂಬುತ್ತೆ, ಅದರಲ್ಲಿ ತಮಾಷೆ ಬೇಡ.

ಇನ್ನು ಬರೀ ಟಾರ್ಪು (ಮೇಲೆ ಕಟ್ಟೋ ಹೊದಿಕೆ), ಬಿವಿ ಬ್ಯಾಗು (ಸ್ಲೀಪಿಂಗ್ ಬ್ಯಾಗ್ ಮೇಲೆ ಹಾಕೋ ಚೀಲ) ಹೊತ್ತು 700 ಗ್ರಾಂಗೆ ಮುಗ್ಸೋ ಹುಡುಗ್ರೂ ಇದಾರೆ. ಸೆಪ್ಟೆಂಬರ್ ಬಿಲ್ಲುಬಾಣದ ಸೀಸನ್‌ಗೆ ಒಬ್ನೇ ಹೋದ್ರೆ ನಾನೂ ಅದನ್ನೇ ಮಾಡ್ತೀನಿ. ಅಕ್ಟೋಬರಿಗೆ ನಲವತ್ತು ದಾಟಿದ ಸೊಂಟ ಒಪ್ಪಲ್ಲ.

ಬಟ್ಟೆ ವಿಷಯ ಒಂದೇ ಮಾತು. ಸಿಲಿಕೋನ್ ಹಚ್ಚಿದ ನೈಲಾನ್ ನೆನೆದ್ರೆ ಜೋತು ಬೀಳುತ್ತೆ, ನಡುರಾತ್ರಿ ಎದ್ದು ದಾರ ಬಿಗಿ ಮಾಡ್ಬೇಕು, ಪಾಲಿಯೆಸ್ಟರ್ ಅಷ್ಟು ಜೋಲಲ್ಲ. ಡೈನೀಮಾ ಅನ್ನೋ ಬಟ್ಟೆ ನೀರೇ ಕುಡಿಯಲ್ಲ, ಹಗುರ, ಆದ್ರೆ ಬೆಲೆ ಸುಲಭವಾಗಿ 600 ಡಾಲರ್ ದಾಟುತ್ತೆ, ಒಲೆಯ ಒಂದು ಕಿಡಿ ಹಾರಿದ್ರೆ ತೂತು. ನಾನು ಪಾಲಿಯೆಸ್ಟರ್ ಟೀಪಿ ತಗೊಂಡೆ. ಕುದುರೆ ಮೇಲೆ ಕ್ಯಾನ್ವಾಸ್ ಟೆಂಟ್ ಹೇರ್ಕೊಂಡು ಹೋಗೋರ ಮಾತೇ ಬೇರೆ ಬಿಡಿ, ಅದು ಮದುವೆ ಚಪ್ಪರ.

ಹೋದ ವಾರ ಅದನ್ನ ಹಿತ್ತಲಲ್ಲಿ ಹಾಕಿ ಹೊಲಿಗೆ ಗೆರೆಗೆ ನೀರು ಸೋರದಂಗೆ ಅಂಟು ಹಚ್ತಾ ಇದ್ದಾಗ ಅಮ್ಮ ವಿಡಿಯೋ ಕಾಲಲ್ಲಿದ್ರು. ಒಳಗೆಲ್ಲಾ ತೋರ್ಸಿದೆ, ಕಂಬ, ಒಲೆ, ಕೊಳವೆ. ಅಮ್ಮ ಒಂದ್ ನಿಮಿಷ ಸುಮ್ನಿದ್ದು "ತಳ ಇಲ್ವಲ್ಲೋ, ಉಂಬಳ ಹತ್ತಲ್ವಾ?" ಅಂದ್ರು (ಉಂಬಳ ಅಂದ್ರೆ ನಮ್ಮ ಕಡೆ ಮಳೆಗಾಲದ ಜಿಗಣೆ). ಇಲ್ಲಿ ಉಂಬಳ ಇಲ್ಲಮ್ಮ ಅಂದೆ. "ಮಳೆಗಾಲ ಇರೋ ಕಡೆ ಉಂಬಳ ಇಲ್ದೆ ಇರುತ್ತಾ" ಅಂತ ನಂಬ್ಲೇ ಇಲ್ಲ. ಅವರು ಹೇಳೋದೂ ಸರಿನೇ, ಇದೇ ಟೀಪಿನ ಜುಲೈನಲ್ಲಿ ಆಗುಂಬೆ ಕಡೆ ಹಾಕು ಅಂದ್ರೆ ನಾನಂತೂ ಹಾಕಲ್ಲ, ಆ ಹಳೇ ಜಾಲರಿ ಟೆಂಟೇ ಬೇಕು, ಅದನ್ನಿನ್ನೂ ಮಾರಿಲ್ಲ.