ಕಾಲು ಎಲ್ಲಿ ಹೋಯಿತು?

ಸತ್ಯನಾರಾಯಣ ಕಥೆಗೆ ಐದು ಅಧ್ಯಾಯ. ನನ್ನ ಎಡಗಾಲಿಗೆ ಮೂರೇ ಸಾಕು.

ಹೋದ ತಿಂಗಳು ಮನೆಯಲ್ಲಿ ಪೂಜೆ. ಮಣೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಮೂರನೇ ಅಧ್ಯಾಯಕ್ಕೆ ಪಾದ ಜುಮುಜುಮು ಎಂದಿತು. ಕಥೆಯಲ್ಲಿ ಹಡಗು ಮುಳುಗುವ ಹೊತ್ತಿಗೆ ನನ್ನ ಕಾಲೂ ಮುಳುಗಿತ್ತು. "ಯಜಮಾನ್ರೇ, ಎದ್ದು ಪ್ರದಕ್ಷಿಣೆ ಹಾಕಿ" ಅಂದರು ಪುರೋಹಿತರು. ನಾನು ಎದ್ದೆ, ಕಾಲು ಏಳಲಿಲ್ಲ. ಕಳಶದ ಮೇಲೆ ಬೀಳದ ಹಾಗೆ ಹೆಂಡತಿಯ ಭುಜ ಹಿಡಿದೆ. ಎಷ್ಟು ಅನ್ಯೋನ್ಯವಾಗಿದ್ದಾರೆ ಅಂದುಕೊಂಡರಂತೆ ನೆಂಟರು.

ರಕ್ತ ಓಡಾಟ ನಿಂತು ಜೋಮು ಹಿಡಿಯುತ್ತದೆ ಅಂತ ನಾನೂ ನಂಬಿದ್ದೆ. ಪೆಟ್ಟು ನಿಜವಾಗಿ ಬೀಳುವುದು ನರಕ್ಕೆ. ಮೊಣಕಾಲಿನ ಹೊರಬದಿಯಲ್ಲಿ, ಮೂಳೆಯ ಗಂಟಿನ ಪಕ್ಕ, ಒಂದು ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಕಾಲು ಮಡಚಿ ಕೂತರೆ ಅದು ಅದುಮಿಕೊಳ್ಳುತ್ತದೆ, ಅದಕ್ಕೆ ಬರುವ ರಕ್ತವೂ ಕಮ್ಮಿಯಾಗುತ್ತದೆ. ಪಾದದ ಸುದ್ದಿ ಮಿದುಳಿಗೆ ತಲುಪುವುದಿಲ್ಲ. ಕಾಲು ಬಿಡಿಸಿದಾಗ ಇದೆ ಮಜಾ. ಕರೆಂಟು ಹೋಗಿ ಬಂದಾಗ ಫ್ಯಾನು, ಟಿವಿ, ಮಿಕ್ಸಿ ಎಲ್ಲ ಒಟ್ಟಿಗೆ ಶುರುವಾಗುತ್ತವಲ್ವಾ, ಹಾಗೆ ಇಲ್ಲದ ಸುದ್ದಿಯನ್ನೆಲ್ಲ ನರ ಕಳಿಸತೊಡಗುತ್ತದೆ. ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ ಅನ್ನಿಸುವುದು ಅದಕ್ಕೇ. ಮೊಣಕೈ ಬಾಗಿಲಿಗೆ ತಾಗಿ ಕಿರುಬೆರಳವರೆಗೆ ಜುಂ ಅನ್ನುವುದೂ ಇದರ ದಾಯಾದಿಯೇ, ನರ ಮಾತ್ರ ಬೇರೆ.

ನಮ್ಮಜ್ಜಿ ಬೆರಳಿಗೆ ಎಂಜಲು ಮುಟ್ಟಿಸಿ ಮಂಡಿಗೆ ಹಚ್ಚುತ್ತಿದ್ದಳು. ಎರಡು ನಿಮಿಷಕ್ಕೆ ಹೋಗುತ್ತಿತ್ತು. ಹಚ್ಚದಿದ್ದರೂ ಎರಡೇ ನಿಮಿಷ ಅಂತ ಅವಳಿಗೆ ಹೇಳುವ ಧೈರ್ಯ ಯಾರಿಗಿತ್ತು? ಕಾಲು ನೀಡಿ, ಪಾದ ಮೇಲೆ ಕೆಳಗೆ ಆಡಿಸಿದರೆ ಸಾಕು. ಪೂರ್ತಿ ಅರಿವು ಬರುವ ಮುಂಚೆ ಮಾತ್ರ ಎದ್ದು ನಿಲ್ಲಬಾರದು. ಎಲ್ಲರ ಪಕ್ಕದಲ್ಲೂ ಭುಜ ಇರುವುದಿಲ್ಲ.

ಕಾರಣವೇ ಇಲ್ಲದೆ ದಿನಾ ಬರುವ ಜೋಮು ಬೇರೆ ಜಾತಿಯದು. ಸಕ್ಕರೆ ಕಾಯಿಲೆ, ಬಿ12 ಕೊರತೆ ಹೀಗೂ ಮುಖ ತೋರಿಸುತ್ತವೆ, ಡಾಕ್ಟರ ಹತ್ತಿರ ಹೋಗಬೇಕು. ಇದ್ದಕ್ಕಿದ್ದಂತೆ ಒಂದೇ ಕಡೆಯ ಕೈಕಾಲು ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಎರಡು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಬೇಕು.

ಪುರೋಹಿತರ ಮೇಲೆ ನನಗೆ ಹೊಟ್ಟೆಕಿಚ್ಚು. ನಾನು ಒದ್ದಾಡಿದ ಹೊತ್ತೆಲ್ಲ ಅವರು ಕೂತಲ್ಲಿಂದ ಅಲುಗಿರಲಿಲ್ಲ. ಪ್ರಸಾದ ಹಂಚಿದ್ದಾಯಿತು, ಎಲೆಯೂ ಹಾಕಿತ್ತು.

"ಶಾಸ್ತ್ರಿಗಳೇ, ಊಟಕ್ಕೆ ಏಳಿ" ಅಂದೆ.

"ನೀವು ನಡೀರಿ, ಬಂದೆ" ಅಂದರು. ಪಂಚೆಯ ಅಂಚಿನಲ್ಲಿ ಅವರ ಹೆಬ್ಬೆರಳು ಮೆಲ್ಲಗೆ ಆಡುತ್ತಿತ್ತು.