ಗೂಡಿನ ಖಾತೆ ಯಾರ ಹೆಸರಿನಲ್ಲಿದೆ?

ಬೆಂಗಳೂರಿನ ಕಲ್ಯಾಣ ಮಂಟಪವೊಂದರಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಅಣ್ಣನ ಮಗನ ಬಯೋಡೇಟಾ ಹಿಡಿದುಕೊಂಡು ಹೋಗಿದ್ದೆ. ಅಲ್ಲಿ ಕೊಟ್ಟ ಅರ್ಜಿಯಲ್ಲಿ ಹುಡುಗನ ಹೆಸರಿಗೆ ಒಂದು ಗೆರೆಯಿತ್ತು, ಸ್ವಭಾವಕ್ಕೆ ಗೆರೆಯೇ ಇರಲಿಲ್ಲ, ‘ಸ್ವಂತ ಮನೆ’ಗೆ ಮಾತ್ರ ನಾಲ್ಕು ಗೆರೆಗಳಿದ್ದವು: ಸೈಟಿನ ಅಳತೆ, ಖಾತೆ ಯಾರ ಹೆಸರಿನಲ್ಲಿದೆ, ಬಾಡಿಗೆ ಎಷ್ಟು ಬರುತ್ತದೆ, ಸಾಲ ಎಷ್ಟು ಉಳಿದಿದೆ. ನಾನು ಗೊಣಗಿದ್ದು ಸಂಚಾಲಕರ ಕಿವಿಗೆ ಬಿತ್ತು. ‘ಇದು ಪ್ರಕೃತಿ ನಿಯಮ ಸ್ವಾಮಿ, ಮೀನಿನಲ್ಲೂ ಗಂಡು ಗೂಡು ಕಟ್ಟುತ್ತದೆ, ಹೆಣ್ಣು ನೋಡಿ ಒಪ್ಪುತ್ತದೆ’ ಎಂದರು.

ಪ್ರಕೃತಿಯನ್ನೇ ಸಾಕ್ಷಿಗೆ ಕರೆದವರನ್ನು ಅನುಮಾನಿಸಬಾರದೆಂದು ಮನೆಗೆ ಬಂದು ಮೀನಿನ ಜಾತಕ ತೆರೆದೆ. ಯುರೋಪಿನ ಹಳ್ಳಕೊಳ್ಳಗಳಲ್ಲಿ ಬೆನ್ನ ಮೇಲೆ ಮೂರು ಮುಳ್ಳುಗಳಿರುವ, ಬೆರಳುದ್ದದ ಸ್ಟಿಕಲ್‌ಬ್ಯಾಕ್ ಎಂಬ ಮೀನಿದೆ. ವಸಂತ ಬಂತೆಂದರೆ ಗಂಡಿನ ಕೊರಳು ಕೆಂಪೇರುತ್ತದೆ. ಅದು ಬಾಯಿ ತುಂಬ ಮರಳೆತ್ತಿ ದೂರ ಉಗುಳಿ ಗುಂಡಿ ತೋಡುತ್ತದೆ, ಪಾಚಿಯ ಎಳೆಗಳನ್ನು ತಂದು ಒಟ್ಟುತ್ತದೆ, ತನ್ನ ಮೂತ್ರಪಿಂಡದಲ್ಲೇ ತಯಾರಾಗುವ ಸ್ಪಿಗಿನ್ ಎಂಬ ಅಂಟಿನಿಂದ ಅವನ್ನು ಬಿಗಿದು, ಕೊನೆಗೆ ಮೂತಿಯಿಂದ ನುಗ್ಗಿ ಸುರಂಗ ಕೊರೆಯುತ್ತದೆ. ಇಪ್ಪತ್ತು ವರ್ಷದ ಕಂತಿಗೆ ಕಿಡ್ನಿ ಸವೆಸುವ ನಮ್ಮ ವರನನ್ನು ನೆನೆದರೆ, ಇಲ್ಲಿಯವರೆಗೆ ಸಂಚಾಲಕರ ಮಾತು ಸರಿಯೇ.

ಮುಂದಿನದು ಇನ್ನೂ ಸರಿಯಾಗಿ ಹೊಂದುತ್ತದೆ. ಆಗಲೇ ಮೊಟ್ಟೆಗಳಿರುವ ಗೂಡನ್ನು ಹೆಣ್ಣು ಹೆಚ್ಚು ಇಷ್ಟಪಡುವುದರಿಂದ, ಕೆಲವು ಗಂಡುಗಳು ಪಕ್ಕದವನ ಗೂಡಿನಿಂದ ಮೊಟ್ಟೆ ಕದ್ದು ತಮ್ಮದರಲ್ಲಿ ಇಟ್ಟುಕೊಳ್ಳುತ್ತವೆ. ಬುನಾದಿಯನ್ನೇ ತೋಡದ ಅಪಾರ್ಟ್‌ಮೆಂಟಿಗೆ ‘ಇನ್ನು ಕೆಲವೇ ಫ್ಲ್ಯಾಟುಗಳು ಬಾಕಿ’ ಎಂದು ಫ್ಲೆಕ್ಸ್ ಕಟ್ಟುವವರು ಈ ವಿದ್ಯೆಯನ್ನು ಯಾವ ಹಳ್ಳದಲ್ಲಿ ಕಲಿತರೋ ತಿಳಿಯದು. ಸಂಶೋಧಕರು ಮಿರುಗುವ ಬಣ್ಣದ ತಗಡಿನ ಚೂರುಗಳನ್ನು ಹಾಕಿದಾಗ ಗಂಡುಗಳು ಅವನ್ನೂ ಆಯ್ದು ಗೂಡಿನ ಬಾಗಿಲಿಗೆ ಸಿಕ್ಕಿಸಿಕೊಂಡವು, ಹೆಣ್ಣುಗಳು ಅದಕ್ಕೂ ಮನಸೋತವು. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದ ನಿಕೊ ಟಿನ್‌ಬರ್ಗನ್, ನೆದರ್ಲೆಂಡ್ಸಿನ ಲೈಡನ್ನಿನ ತಮ್ಮ ಪ್ರಯೋಗಾಲಯದ ಕಿಟಕಿಯಾಚೆ ಕೆಂಪು ಅಂಚೆ ವ್ಯಾನು ಹಾದುಹೋದರೆ ತೊಟ್ಟಿಯೊಳಗಿನ ಗಂಡುಗಳೆಲ್ಲ ಎದುರಾಳಿ ಬಂದನೆಂದು ಅದರತ್ತ ಏರಿಹೋಗುತ್ತಿದ್ದುದನ್ನು ಕಂಡಿದ್ದರು. ಸಮಾವೇಶದ ವಾಹನ ನಿಲುಗಡೆಯಲ್ಲಿ ಕೆಂಪು ಎಸ್‌ಯುವಿಯೊಂದು ಬಂದು ನಿಂತಾಗ ಉಳಿದ ವರರ ಮುಖ ನೋಡಿದವರಿಗೆ ಇದು ಹೊಸದೆನಿಸದು.

ಆದರೆ ಜಾತಕದ ಕೊನೆಯ ಪುಟವನ್ನು ಸಂಚಾಲಕರು ತಿರುವಿ ಹಾಕಿದಂತೆ ಕಾಣಲಿಲ್ಲ. ಗೂಡನ್ನು ಪರೀಕ್ಷಿಸುವುದು ಹೆಣ್ಣೇ, ಅವಳ ಸೋದರಮಾವನಲ್ಲ. ಮೊಟ್ಟೆಯಿಟ್ಟ ಮೇಲೆ ಅವಳು ಹೊರಟುಹೋಗುತ್ತಾಳೆ. ಆಮೇಲೆ ಒಂದು ವಾರ ಗಂಡು ಗೂಡಿನ ಬಾಯಲ್ಲಿ ನಿಂತು, ಮೊಟ್ಟೆಗಳಿಗೆ ಆಮ್ಲಜನಕ ಸಿಗಲೆಂದು ರೆಕ್ಕೆಯಿಂದ ನೀರು ಬೀಸುತ್ತಲೇ ಇರಬೇಕು. ಮರಿಗಳು ಹೊರಬರುವ ಹೊತ್ತಿಗೆ ಕಟ್ಟಿದ ಗೂಡನ್ನು ತಾನೇ ಕಿತ್ತು ಸಡಿಲಿಸಿ ಅವಕ್ಕೆ ತೊಟ್ಟಿಲು ಮಾಡುತ್ತದೆ, ದಾರಿ ತಪ್ಪಿದ ಮರಿಯನ್ನು ಬಾಯಲ್ಲಿ ಹಿಡಿದು ತರುತ್ತದೆ. ಹೀಗೆ ಕಾಯಬಲ್ಲವನನ್ನು ಆರಿಸಿದ ಹೆಣ್ಣುಗಳ ಮರಿಗಳೇ ಹೆಚ್ಚು ಬದುಕಿದ್ದರಿಂದ, ಗೂಡು ನೋಡಿ ಒಪ್ಪುವ ಗುಣ ತಲೆಮಾರುಗಳಲ್ಲಿ ಉಳಿದುಬಂತು. ಅವಳು ಗೂಡಿನಲ್ಲಿ ಹುಡುಕುವುದು ದಾದಿಯನ್ನು.

ಪ್ರಕೃತಿ ನಿಯಮ ಪೂರ್ತಿಯಾಗಲಿ ಎಂದು ಸಂಚಾಲಕರಿಗೆ ಫೋನು ಮಾಡಿ, ‘ವರನು ರಾತ್ರಿಯೆದ್ದು ಮಗುವಿನ ಬಟ್ಟೆ ಬದಲಿಸುವನೇ?’ ಎಂಬ ಐದನೆಯ ಗೆರೆಯನ್ನು ಅರ್ಜಿಗೆ ಸೇರಿಸಲು ವಿನಂತಿಸಿದೆ.

‘ಮೀನೇ ಬೇರೆ, ಮನುಷ್ಯರೇ ಬೇರೆ ಸ್ವಾಮಿ’ ಎಂದರು. ಅಣ್ಣನ ಮಗನ ಅರ್ಜಿ ‘ಬಾಡಿಗೆ ಮನೆ’ ಎಂದು ಬರೆದ ಕಟ್ಟಿನಲ್ಲಿ ಇದೆಯಂತೆ.