ಮಿಷಿನ್ನು ಸೀರೆ ಉಟ್ಟಿದ್ದು

ಇವತ್ತು ಬೆಳಿಗ್ಗೆ ವಾಷಿಂಗ್ ಮಿಷಿನ್ ಶುರು ಮಾಡಿ ತಿರುಗಿ ನೋಡಿದರೆ, ಒಂದು ಕಾಲುಚೀಲ ನೆಲದ ಮೇಲೆ ಬಿದ್ದಿತ್ತು. ಬಾಗಿಲು ಎಳೆದೆ, ಬರಲಿಲ್ಲ. ನಿಲ್ಲಿಸುವ ಗುಂಡಿ ಒತ್ತಿದೆ. ಅದೊಂದು ಹಾಡು ಹಾಡಿತು, ಬಾಗಿಲು ಮಾತ್ರ ತೆಗೆಯಲಿಲ್ಲ. ಬಟ್ಟೆ ನನ್ನದು, ದುಡ್ಡು ನನ್ನದು, ಯಜಮಾನಿಕೆ ಅದರದ್ದು!

ಅಮೆರಿಕಕ್ಕೆ ಬಂದ ಹೊಸತರಲ್ಲಿ ನಮ್ಮ ಬಾಡಿಗೆ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಹಳೇ ಮಿಷಿನ್ ಇತ್ತು. ಮೇಲಿಂದ ಬಟ್ಟೆ ಹಾಕುವಂಥದ್ದು. ಅದಕ್ಕೊಂದು ದಪ್ಪ ನಾಬ್. ಬಲಕ್ಕೆ ಮಾತ್ರ ತಿರುಗಿಸಬೇಕು. ಎಳೆದರೆ ಶುರು, ಒತ್ತಿದರೆ ಬಂದ್. ಒಳಗಿನ ಚಕ್ರ ಟಿಕ್ ಟಿಕ್ ಅಂತ ಸರಿಯುತ್ತಾ, ಅದರ ಉಬ್ಬು ಯಾವ ಸ್ವಿಚ್ಚನ್ನು ಒತ್ತಿತೋ ಆ ಕೆಲಸ ಶುರು. ಕಾಲುಚೀಲ ಮರೆತಿರಾ? ಮುಚ್ಚಳ ಎತ್ತಿ ಎಸೆಯಿರಿ, ಮುಗೀತು.

ತೊಟ್ಟಿಯ ನಡುವೆ ರೆಕ್ಕೆಗಳಿದ್ದ ಕಂಬವೊಂದು ಕಡಗೋಲಿನ ಹಾಗೆ ಅತ್ತ ಇತ್ತ ತಿರುಗುತ್ತಿತ್ತು. ಆರು ತಿಂಗಳಿಗೆಂದು ಬಂದ ಅಮ್ಮ ಒಂದಿನ ಅದಕ್ಕೆ ಕಾಟನ್ ಸೀರೆ ಹಾಕಿದಳು. ಸ್ವಲ್ಪ ಹೊತ್ತಿಗೆ ಕೆಳಗಿಂದ ಕೂಗು: "ಬಾರೋ ಇಲ್ಲಿ! ನಿನ್ನ ಮಿಷಿನ್ನು ನನ್ನ ಸೀರೆ ಉಟ್ಕೊಂಡು ನಿಂತಿದೆ!"

ನಿಜಕ್ಕೂ ಉಟ್ಟಿತ್ತು. ಬಿಗಿಯಾಗಿ ಸುತ್ತಿ, ಸೆರಗು ಕೂಡ ಸಿಕ್ಕಿಸಿಕೊಂಡಿತ್ತು. ನೆರಿಗೆ ಒಂದು ಬಾಕಿ. ಐದೂವರೆ ಮೀಟರ್ ಬಟ್ಟೆ ಬರಬಹುದು ಅಂತ ಅದನ್ನು ಮಾಡಿದ ಪುಣ್ಯಾತ್ಮನಿಗೆ ಕನಸೂ ಬಿದ್ದಿರಲಿಕ್ಕಿಲ್ಲ. ನಾನು ಒಂದು ತುದಿ ಹಿಡಿದು ಮೆಟ್ಟಿಲು ಹತ್ತುತ್ತಾ ಹೋದೆ. ಅಮ್ಮ ಕೆಳಗೆ ಸುತ್ತು ಬಿಡಿಸುತ್ತಾ ನಿಂತಳು. ನೀರು ತೊಟತೊಟ ಸುರಿಯುತ್ತಿತ್ತು. ನಡುವೆ ಅಮ್ಮ "ಕೃಷ್ಣಾ!" ಅಂದಳು. ಯಾರ ಪರವಾಗಿ ಕರೆದಳೋ ಗೊತ್ತಾಗಲಿಲ್ಲ.

ಹಳೇ ಮಿಷಿನ್ನುಗಳ ವಿನ್ಯಾಸದಲ್ಲಿ ಒಂದು ದೊಡ್ಡ ತತ್ವ ಇದೆ ಅಂತ ಹೇಳೋಕೆ ಹೊರಟಿದ್ದೆ. ಮನೆಬಳಕೆಯ ಮೊದಲ ಆಟೊಮ್ಯಾಟಿಕ್ ಮಿಷಿನ್, ಬೆಂಡಿಕ್ಸ್ ಕಂಪನಿಯದ್ದು, ಬಂದದ್ದು 1937ರಲ್ಲಿ. ಹಿಂಡುವಾಗಿನ ಕುಣಿತ ತಡೆಯುವ ಏರ್ಪಾಡು ಒಳಗಿರಲಿಲ್ಲ. ಹಾಗಾಗಿ ಅದನ್ನು ನೆಲಕ್ಕೇ ಬೋಲ್ಟ್ ಹಾಕಿ ಬಿಗಿಯಬೇಕಿತ್ತು. ತುಂಟ ದನಕ್ಕೆ ಗೂಟ ಹೊಡೆದ ಹಾಗೆ! ಅದಕ್ಕೂ ನನ್ನ ಈಗಿನ ಮಿಷಿನ್ನಿನ ಹಾಗೆ ಮುಂದುಗಡೆಯೇ ಗುಂಡಗಿನ ಗಾಜಿನ ಬಾಗಿಲು. ನೀರು ತುಂಬಿದ ಮೇಲೆ ತೆಗೆಯುವ ಹಾಗಿಲ್ಲ. ಇದು ನನ್ನ ವಾದಕ್ಕೆ ಅನುಕೂಲವಿಲ್ಲ, ಬಿಡಿ.

ರಾತ್ರಿ ಫೋನಿನಲ್ಲಿ ಅಮ್ಮನಿಗೆ ಕಾಲುಚೀಲದ ಗೋಳು ಹೇಳಿಕೊಂಡೆ. ಪೂರ್ತಿ ಕೇಳಿಸಿಕೊಂಡಳು.

"ಒಂದು ಕಾಲುಚೀಲ ಬಕೆಟ್ಟಲ್ಲಿ ಅದ್ದಿ ಹಿಂಡೋಕೆ ನಿನಗೇನೋ ರೋಗ?"